ಜ್ವರ ಇಳಿದರೂ ಹೃದಯವನ್ನು ಮರೆಯದಿರೋಣ

ಶ್ವಾಸಕೋಶದ ಸೋಂಕು ಶ್ವಾಸಕೋಶದಲ್ಲೇ ನಿಲ್ಲುತ್ತದೆಂಬ ನಮ್ಮ ನಂಬಿಕೆಯನ್ನು ಕೊರೋನಾ ಸುಳ್ಳಾಗಿಸಿತು. 2020ರ ಆರಂಭದಲ್ಲಿ ಚೀನಾದ ವುಹಾನಿನ ಆಸ್ಪತ್ರೆಯೊಂದಕ್ಕೆ ದಾಖಲಾಗಿದ್ದ 416 ಕೋವಿಡ್ ರೋಗಿಗಳ ಪೈಕಿ 82 ಮಂದಿಯ ಹೃದಯಕ್ಕೆ ಹಾನಿಯಾಗಿತ್ತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬದುಕುಳಿಯಲಿಲ್ಲ. ಉಳಿದವರಲ್ಲಿ ಸಾವಿನ ಪ್ರಮಾಣ ಕೇವಲ ಶೇ. 4.5.

ಇಂತಹ ಹಾನಿಯ ಸುಳಿವು ಟ್ರೋಪೋನಿನ್ ಎಂಬ ರಕ್ತಪರೀಕ್ಷೆ ಮತ್ತು ಇಸಿಜಿಯಿಂದ ಸಿಗುತ್ತದೆ. ಆದರೆ ದೇವದುರ್ಗದ ಕೂಲಿಕಾರನಿಗೆ ರಾಯಚೂರಿನ ರಿಮ್ಸ್ ತಲುಪುವುದೆಂದರೆ ಒಂದು ದಿನದ ಅನ್ನ ಕಳೆದುಕೊಂಡಂತೆ. ತೀವ್ರ ಸೋಂಕಿನಿಂದ ದಾಖಲಾದವರಿಗೆ ಈ ಪರೀಕ್ಷೆಗಳು ತಾಲೂಕು ಆಸ್ಪತ್ರೆಯಲ್ಲೇ ಹಗಲಿರುಳೂ ದೊರೆಯುವಂತೆ ನೋಡಿಕೊಳ್ಳುವುದು ಸರಕಾರದ ಔದಾರ್ಯವಲ್ಲ, ಹೊಣೆ.

ನಮ್ಮ ಮನೆಗಳಿಗೂ ಹೊಣೆಯಿದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡವಿರುವ ಹಿರಿಯರು ಜ್ವರ ಇಳಿದ ಬಳಿಕವೂ ಎದೆನೋವು, ಏದುಸಿರು ಎಂದರೆ ಅದನ್ನು ಬರಿಯ ನಿಶ್ಶಕ್ತಿಯೆಂದು ತಳ್ಳಿಹಾಕದೆ ಕೂಡಲೇ ವೈದ್ಯರ ಬಳಿಗೆ ಕರೆದೊಯ್ಯೋಣ.