ಪ್ರತಿಕೃತಿ ಕಾರಿಗೆ ಬಿಡಿಭಾಗ

1954ರಲ್ಲಿ ಹೊರಬಂದ ಪೋರ್ಷೆ 356 ಸ್ಪೀಡ್‌ಸ್ಟರ್ ಕಾರಿನ ಪ್ರತಿಕೃತಿಗಳು ಅಮೆರಿಕದಲ್ಲಿ ಬಹಳವಾಗಿ ನಿರ್ಮಾಣಗೊಂಡಿವೆ. ಹೊರಮೈ ಫೈಬರ್‌ಗ್ಲಾಸಿನದು, ಅದರಡಿಯ ತಳಕಟ್ಟು, ಎಂಜಿನ್, ಬ್ರೇಕುಗಳು ಸಾಮಾನ್ಯವಾಗಿ ಹಳೆಯ ಫೋಕ್ಸ್‌ವ್ಯಾಗನ್ ಬೀಟಲಿನವು. ಬ್ರೇಕು ಕೆಟ್ಟಾಗ ಇದರ ಒಡೆಯನು ಪೋರ್ಷೆಯ ಹೆಸರು ಹೇಳಿ ಬಿಡಿಭಾಗ ಕೇಳಿದರೆ ಪ್ರಯೋಜನವೇನು?

ಬೀಟಲ್ ಎಂದರೂ ಸಾಲದು. ಅಮೆರಿಕದಲ್ಲಿ ಮಾರಾಟವಾದ ಬೀಟಲಿನ ವಿದ್ಯುತ್ ವ್ಯವಸ್ಥೆ 1966ರ ಮಾದರಿಯವರೆಗೆ 6 ವೋಲ್ಟಿನದು, 1967ರಿಂದ 12 ವೋಲ್ಟಿನದು. 1968ರ ಮಾದರಿಯಲ್ಲಿ ಚಕ್ರದ ಬೋಲ್ಟುಗಳು ಐದರಿಂದ ನಾಲ್ಕಕ್ಕಿಳಿದವು. 6 ವೋಲ್ಟಿನ ದೀಪಕ್ಕೆ 12 ವೋಲ್ಟು ಕೊಟ್ಟರೆ, ತಂತುವಿನ ರೋಧ ಬದಲಾಗದೆಂದು ಭಾವಿಸಿದಲ್ಲಿ, ಅದು ಸೆಳೆಯುವ ಸಾಮರ್ಥ್ಯ ನಾಲ್ಮಡಿ! ದೀಪ ಸುಟ್ಟರೆ ಹೋಗಲಿ, ಬ್ರೇಕು ಹಾಗಲ್ಲ.

ಪ್ರತಿಕೃತಿ ಕಟ್ಟುವುದನ್ನು ನಾನು ಹೀಗಳೆಯುವುದಿಲ್ಲ. ಆದರೆ ಯಾವ ಭಾಗವು ಯಾವ ವರ್ಷದ ಯಾವ ವಾಹನದ್ದೆಂಬ ಪಟ್ಟಿಯನ್ನು ಕೊಡದೆ ಕಾರು ಮಾರುವವನು ಕೊಳ್ಳುವವನ ಪ್ರಾಣವನ್ನು ಲಕ್ಷಿಸಿಲ್ಲವೆಂದೇ ನನ್ನ ಅಭಿಪ್ರಾಯ. ಅಂಥ ಕಾರು ಎಷ್ಟೇ ಸೊಗಸಾಗಿರಲಿ, ಕೊಳ್ಳತಕ್ಕದ್ದಲ್ಲ.

ಪೂರ್ಣವಾಗಿ ಹೊಂದದ ಭಾಗಕ್ಕಿಂತ ಹೊಂದಿದಂತೆ ತೋರುವ ಭಾಗವೇ ಹೆಚ್ಚು ಅಪಾಯಕರ. ಬೀಟಲಿನ ಬೋಲ್ಟುಗಳು ಮೀಟರ್ ಪದ್ಧತಿಯವು. ಕಟ್ಟಿದವನು ನಡುವೆ ಅಂಗುಲದ ಬೋಲ್ಟು ಸೇರಿಸಿದ್ದರೆ? 5/16 ಅಂಗುಲವೆಂದರೆ 7.94 ಮಿಲಿಮೀಟರು, 8 ಮಿಲಿಮೀಟರಿನ ನಟ್ಟು ಒಂದೆರಡು ಸುತ್ತು ಏರಿಯೇ ಏರುತ್ತದೆ. ಬಲವಂತವಾಗಿ ತಿರುಗಿಸಿದರೆ ಎಳೆಗಳು ಹರಿದು, ಹಿಡಿತವೆಂಬುದು ಕಣ್ಣಿಗೆ ಮಾತ್ರ ಉಳಿಯುತ್ತದೆ. ವ್ಯಾಸವನ್ನು ಅಳೆದು ಇವನ್ನು ಬೇರ್ಪಡಿಸುವುದು ಕಷ್ಟ. ಲೋಲಕದ ಒಂದೇ ಆಂದೋಲನವನ್ನು ಅಳೆಯದೆ ಇಪ್ಪತ್ತನ್ನು ಅಳೆಯುವಿರಷ್ಟೆ? ಇಲ್ಲಿಯೂ ಹಾಗೆಯೇ ಎಳೆಗಳ ಹತ್ತು ಅಂತರಗಳನ್ನು ಒಟ್ಟಿಗೆ ಅಳೆಯಿರಿ: ಅಂಗುಲಕ್ಕೆ 18 ಎಳೆಗಳ ಬೋಲ್ಟಿನಲ್ಲಿ 14.1 ಮಿಲಿಮೀಟರು, 8 ಮಿಲಿಮೀಟರಿನ ಸಾಧಾರಣ ಬೋಲ್ಟಿನಲ್ಲಿ 12.5. ಶಾಲೆಯ ಅಳತೆಪಟ್ಟಿಯೇ ಸಾಕು.