ಗಾಲಿಯ ಮೇಲಿನ ಮನೆಗೆ ಆಕಾಶದ ತಂತಿ

ನಮ್ಮ ಅಜ್ಜಂದಿರ ಕಾಲದಲ್ಲಿ ಕಾಶಿಯಾತ್ರೆಗೆ ಹೊರಟವರನ್ನು ಊರ ಗಡಿಯವರೆಗೂ ಹೋಗಿ ಬೀಳ್ಕೊಡುತ್ತಿದ್ದರು. ಅವರು ಮರಳಿ ಬಂದರೆ ಬಂದರು. ನಡುವೆ ಯಾವುದೋ ಕಾಣದ ಊರಿನ ಮುದ್ರೆ ಹೊತ್ತ ಒಂದು ಕಾರ್ಡು ಬಂದರೆ ಅದು ಮನೆಮಂದಿಯ ಭಾಗ್ಯ. ದೂರ ಹೋಗುವುದೆಂದರೆ ಕಣ್ಮರೆಯಾಗುವುದೆಂದೇ ಅರ್ಥವಾಗಿತ್ತು. ಹೋಗುವವರಿಗೂ ಅದು ಗೊತ್ತಿತ್ತು, ಕಳುಹಿಸುವವರಿಗೂ ಗೊತ್ತಿತ್ತು. ಈಗಿನ ಮಾತೇ ಬೇರೆ. ಮನುಷ್ಯರ ಸುಳಿವೇ ಇಲ್ಲದ ಮರಳುಗಾಡಿನಲ್ಲಿ ಕುರ್ಚಿ ಹಾಕಿ ಕುಳಿತ ಮಗನು ಮೈಸೂರಿನಲ್ಲಿರುವ ತಾಯಿಯೊಡನೆ ಮುಖ ನೋಡಿ ಮಾತನಾಡುತ್ತಾನೆ. ಆಕೆ ಅವನ ಬೆನ್ನ ಹಿಂದೆ ನಿಂತ ಆಳೆತ್ತರದ ಕಳ್ಳಿಯನ್ನು ಕಂಡು, “ಅಲ್ಲಿ ಹಾವು ಗೀವು ಇಲ್ಲವೇನೋ?” ಎಂದು ಕೇಳುತ್ತಾಳೆ.

ಇದು ಅಮೆರಿಕದ ಸಂಗತಿ. ಅಲ್ಲಿ ಮನೆಯನ್ನೇ ಗಾಲಿಯ ಮೇಲೆ ಏರಿಸಿಕೊಂಡು ಊರೂರು ಸುತ್ತುವ ಹವ್ಯಾಸ ಬಹು ಕಾಲದಿಂದ ನಡೆದುಬಂದಿದೆ. ವಾಲಿ ಬಯಮ್ ಎಂಬಾತನು 1931ರಲ್ಲಿ ಏರ್‌ಸ್ಟ್ರೀಮ್ ಎಂಬ ಸಂಸ್ಥೆಯನ್ನು ಆರಂಭಿಸಿ, ಕಾರಿನ ಹಿಂದೆ ಎಳೆದುಕೊಂಡು ಹೋಗುವ ಬಂಡಿಮನೆಗಳನ್ನು ಮಾರಲು ತೊಡಗಿದನು. ಇಂದು ಇಂಥ ಎಲ್ಲ ವಾಹನಗಳಿಗೂ ಆರ್‌ವಿ ಎಂಬ ಎರಡಕ್ಷರದ ಹೆಸರಿದೆ. ಒಳಗೆ ಒಲೆ, ಹಾಸಿಗೆ, ನೀರಿನ ತೊಟ್ಟಿ, ಸ್ನಾನದ ಗೂಡು ಎಲ್ಲವೂ ಉಂಟು. ಬಾಡಿಗೆ ಕೊಟ್ಟು ವಿದ್ಯುತ್ತು, ನೀರು ಪಡೆಯುವ ತಂಗುದಾಣಗಳು ಹೆದ್ದಾರಿಯ ಬದಿಯಲ್ಲಿ ಸಾಕಷ್ಟಿವೆ. ಆದರೆ ನಿಜವಾದ ರಸಿಕರಿಗೆ ಅವು ರುಚಿಸವು. ಅವರು ಹುಡುಕುವುದು ನಲ್ಲಿಯೂ ಇಲ್ಲದ, ದೀಪವೂ ಇಲ್ಲದ, ನೆರೆಹೊರೆಯೂ ಇಲ್ಲದ ಬಯಲನ್ನು. ಇದಕ್ಕೆ ಬೂಂಡಾಕಿಂಗ್ ಎನ್ನುತ್ತಾರೆ. ಫಿಲಿಪೈನ್ಸಿನ ತಗಲಾಗ್ ಭಾಷೆಯಲ್ಲಿ ‘ಬುಂದೊಕ್’ ಎಂದರೆ ಬೆಟ್ಟ. ಅಲ್ಲಿಗೆ ಹೋಗಿದ್ದ ಅಮೆರಿಕನ್ ಸಿಪಾಯಿಗಳು ಆ ಮಾತನ್ನು ಹೊತ್ತು ತಂದರು.

ಇಂಥ ಬಯಲಿಗೆ ಅಲ್ಲಿ ಬರವಿಲ್ಲ. ಕೇಂದ್ರ ಸರ್ಕಾರದ ಭೂನಿರ್ವಹಣಾ ಇಲಾಖೆಯೊಂದರ ವಶದಲ್ಲಿಯೇ ಸುಮಾರು 24.5 ಕೋಟಿ ಎಕರೆ ನೆಲವಿದೆ. ಅದರ ಬಹುಭಾಗದಲ್ಲಿ ಸಾಮಾನ್ಯವಾಗಿ ಒಂದೇ ಕಡೆ 14 ದಿನ ಬಿಡಾರ ಹೂಡಲು ಅಡ್ಡಿಯಿಲ್ಲ. ಅರಿಜೋನದ ಕ್ವಾರ್ಟ್‌ಸೈಟ್ ಎಂಬ ಪುಟ್ಟ ಊರಿನ ಸುತ್ತಲಂತೂ ಚಳಿಗಾಲದಲ್ಲಿ ಗಾಲಿಮನೆಗಳ ಜಾತ್ರೆಯೇ ನೆರೆಯುತ್ತದೆ. ಉತ್ತರದ ಹಿಮಕ್ಕೆ ಹೆದರಿ ಬಂದ ಮುದುಕರು ಶುಲ್ಕ ತೆತ್ತು, ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಅಲ್ಲಿಯೇ ಬೀಡುಬಿಟ್ಟಿರಬಹುದು.

ಫೀನಿಕ್ಸ್ ನಗರದಲ್ಲಿ ಕೆಲಸದಲ್ಲಿರುವ ನನ್ನ ಅಣ್ಣನ ಮಗನಿಗೂ ಈ ಹುಚ್ಚು ಹಿಡಿದು ಕೆಲವು ವರ್ಷಗಳಾದುವು. ಹೆಂಡತಿ ಮಕ್ಕಳೊಡನೆ ಕ್ವಾರ್ಟ್‌ಸೈಟಿನ ದಕ್ಷಿಣಕ್ಕಿರುವ ಕೋಫಾ ಬೆಟ್ಟಗಳ ಕಡೆಗೆ ಹೋಗುವುದೆಂದರೆ ಅವನಿಗೆ ಪ್ರಾಣ. ಆದರೆ ಬಹಳ ಕಾಲ ಅವನು ಎರಡು ರಾತ್ರಿಗಿಂತ ಹೆಚ್ಚು ಅಲ್ಲಿ ನಿಲ್ಲಲಿಲ್ಲ. ಕಾರಣ, ಮೈಸೂರಿನಲ್ಲಿರುವ ನನ್ನ ಅತ್ತಿಗೆ. ಎಂಬತ್ತು ದಾಟಿದ ಜೀವ, ಮನೆಯಲ್ಲಿ ಒಬ್ಬರೇ. ಬೆಳಿಗ್ಗೆ ಸಂಜೆ ಕೆಲಸದಾಕೆ ಬಂದು ಹೋಗುತ್ತಾಳೆ. ನಾನು ದಿನಕ್ಕೊಮ್ಮೆ ಹೋಗಿ ಕಾಫಿ ಕುಡಿದು ಬರುತ್ತೇನೆ. ಬೆಟ್ಟದ ಮರೆಯಲ್ಲಿ ಮೊಬೈಲಿನ ಗೋಪುರದ ಅಲೆ ಸಿಗದು; ಅಲ್ಲಿ ಕುಳಿತವನಿಗೆ ತಾಯಿಯ ಚಿಂತೆ, ಇಲ್ಲಿ ಕುಳಿತ ತಾಯಿಗೆ ಮಗನ ಚಿಂತೆ. ಇಬ್ಬರ ಚಿಂತೆಗೂ ಔಷಧವಾಗಿ ಬಂದದ್ದು ಉಪಗ್ರಹದ ಮೂಲಕ ಇಂಟರ್‌ನೆಟ್ ಒದಗಿಸುವ ಒಂದು ತಟ್ಟೆ.

ಆಕಾಶದಿಂದ ಸುದ್ದಿ ಇಳಿಸುವುದು ಹೊಸತೇನಲ್ಲ. ಭೂಮಧ್ಯರೇಖೆಯ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿಟ್ಟ ಉಪಗ್ರಹವು ಭೂಮಿಯ ಸಮಕ್ಕೆ ಸುತ್ತುವುದರಿಂದ ನಮ್ಮ ಕಣ್ಣಿಗೆ ನಿಂತಲ್ಲೇ ನಿಂತಂತೆ ತೋರುತ್ತದೆ. ಇಂಥ ಮೂರು ಉಪಗ್ರಹಗಳಿದ್ದರೆ ಲೋಕವನ್ನೆಲ್ಲ ಬೆಸೆಯಬಹುದೆಂದು ಆರ್ಥರ್ ಕ್ಲಾರ್ಕ್ 1945ರಲ್ಲಿಯೇ ಬರೆದಿದ್ದನು. ನಮ್ಮ ಹಿರಿಯ ವಾಚಕರಿಗೆ ನೆನಪಿರಬಹುದು: 1975ರ ಆಗಸ್ಟಿನಿಂದ ಒಂದು ವರ್ಷ ಕಾಲ ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳಲ್ಲಿ ಕೋಳಿಗೂಡಿನ ತಂತಿಬಲೆಯ ದೊಡ್ಡ ಛತ್ರಿಯನ್ನು ಆಕಾಶಕ್ಕೆ ಹಿಡಿದು, ಅಮೆರಿಕದ ಎಟಿಎಸ್-6 ಉಪಗ್ರಹದಿಂದ ಟೆಲಿವಿಷನ್ ಕಾರ್ಯಕ್ರಮಗಳನ್ನು ಬಿತ್ತರಿಸಿದ್ದರು. ನಮ್ಮ ದೇಶದ ಇಂಥ ಉಪಗ್ರಹಗಳ ಲಗಾಮು 1982ರಿಂದ ಹಾಸನದ ನಿಯಂತ್ರಣ ಕೇಂದ್ರದ ಕೈಯಲ್ಲಿದೆ.

ಆದರೆ ನಿಂತ ಉಪಗ್ರಹದ ಮೂಲಕ ನಾಟಕ ನೋಡಬಹುದೇ ಹೊರತು ಸರಾಗವಾಗಿ ಹರಟೆ ಹೊಡೆಯಲಾಗದು. ಬೆಳಕಿನ ವೇಗದಲ್ಲಿ ಹೋದರೂ ಮಾತು ಮೇಲೇರಿ ಕೆಳಗಿಳಿಯಲು ಕಾಲು ಸೆಕೆಂಡು ಬೇಕು. ಉತ್ತರ ಬರಲು ಇನ್ನೊಂದು ಕಾಲು. ಅಷ್ಟರಲ್ಲಿ ಈ ಕಡೆಯವನು ತಾಳ್ಮೆಗೆಟ್ಟು “ಹಲೋ” ಎನ್ನುತ್ತಾನೆ, ಆ ಕಡೆಯವನೂ ಅದೇ ಕ್ಷಣಕ್ಕೆ “ಹಲೋ” ಎನ್ನುತ್ತಾನೆ, ಇಬ್ಬರೂ ಒಟ್ಟಿಗೆ ಸುಮ್ಮನಾಗುತ್ತಾರೆ. ಮೇಲಾಗಿ ಗಾಲಿಮನೆಯವನು ಪ್ರತಿ ಬಿಡಾರದಲ್ಲಿಯೂ ಮುಕ್ಕಾಲಿ ನಿಲ್ಲಿಸಿ, ದಿಕ್ಸೂಚಿ ಹಿಡಿದು, ದಕ್ಷಿಣದ ಆಕಾಶದಲ್ಲಿ ಕಾಣದ ಒಂದು ಚುಕ್ಕೆಗೆ ತಟ್ಟೆಯನ್ನು ಗುರಿಯಿಡಬೇಕಾಗಿತ್ತು. ಒಂದು ಡಿಗ್ರಿ ತಪ್ಪಿದರೆ ಎಲ್ಲವೂ ಮೌನ.

ಸ್ಟಾರ್‌ಲಿಂಕ್ ಬಂದ ಮೇಲೆ ಈ ವ್ಯವಹಾರ ತಲೆಕೆಳಗಾಯಿತು. ಅದರ ಮೊದಲ 60 ಉಪಗ್ರಹಗಳ ಗುಂಪು ಮೇಲೇರಿದ್ದು 2019ರ ಮೇ ತಿಂಗಳಲ್ಲಿ. ಈಗ ಎಂಟು ಸಾವಿರಕ್ಕೂ ಮಿಕ್ಕಿದ ಉಪಗ್ರಹಗಳು ಬಹುಪಾಲು 550 ಕಿಲೋಮೀಟರ್ ಆಸುಪಾಸಿನ ಎತ್ತರದಲ್ಲಿ ಸುತ್ತುತ್ತಿವೆ. ಹತ್ತಿರವಿರುವುದರಿಂದ ಮಾತು ತಡವಿಲ್ಲದೆ ಮುಟ್ಟುತ್ತದೆ. ಆದರೆ ಹತ್ತಿರವಿರುವುದು ಓಡಲೇಬೇಕು. ಒಂದೊಂದೂ ಸುಮಾರು ಒಂದೂವರೆ ಗಂಟೆಗೊಮ್ಮೆ ಭೂಮಿಯನ್ನು ಸುತ್ತಿ ಬರುತ್ತದೆ. ನೆಲದ ಮೇಲಿನ ತಟ್ಟೆ ಕದಲುವುದಿಲ್ಲ. ಅದರೊಳಗಿನ ನೂರಾರು ಸಣ್ಣ ಆಂಟೆನಾಗಳು ತಮ್ಮ ಅಲೆಗಳನ್ನು ಹಿಂದುಮುಂದು ಮಾಡಿ, ಓಡುವ ಉಪಗ್ರಹದ ಕಡೆಗೆ ಕಿರಣವನ್ನು ತಿರುಗಿಸುತ್ತವೆ. ಒಂದು ಮರೆಯಾಗುವ ಮೊದಲೇ ಇನ್ನೊಂದನ್ನು ಹಿಡಿಯುತ್ತವೆ. ಗಾಲಿಮನೆಗಳಿಗೆಂದೇ ಈ ಸೇವೆ 2022ರ ಮೇ ತಿಂಗಳಲ್ಲಿ ಆರಂಭವಾಯಿತು. 2024ರಲ್ಲಿ ಬಂದ ಕಿರಿಯ ತಟ್ಟೆಯಂತೂ ಶಾಲೆಯ ಸ್ಲೇಟಿಗಿಂತ ತುಸು ದೊಡ್ಡದು. ತೂಕ ಒಂದು ಕಿಲೋಗ್ರಾಮಿಗಿಂತ ಸ್ವಲ್ಪ ಹೆಚ್ಚು.

ಇಷ್ಟಾದರೂ ತಟ್ಟೆಯನ್ನು ಹೊರಗಿಟ್ಟು ಕೈಕಟ್ಟಿ ಕೂರುವಂತಿಲ್ಲ. ಅದಕ್ಕೆ ಬೇಕಾದುದು ತೆರೆದ ಆಕಾಶ. ಗಾಲಿಮನೆಗೆ ಬೇಕಾದುದು ಮರದ ನೆರಳು. ಈ ಎರಡಕ್ಕೂ ಎಣ್ಣೆಸೀಗೆಕಾಯಿಯ ಸಂಬಂಧ. ಒಂದೇ ಒಂದು ದೇವದಾರು ಅಡ್ಡವಿದ್ದರೂ ಉಪಗ್ರಹವು ಅದರ ಹಿಂದೆ ಸರಿದಾಗಲೆಲ್ಲ ಮಾತು ತುಂಡಾಗುತ್ತದೆ. ಆದ್ದರಿಂದ ತಿಳಿದವರು ತಟ್ಟೆಯನ್ನು ಚಾವಣಿಗೆ ಬಿಗಿಯದೆ, ಮನೆಯನ್ನು ನೆರಳಿನಲ್ಲಿ ನಿಲ್ಲಿಸಿ, ಸುಮಾರು 15 ಮೀಟರಿನ ತಂತಿಯ ಉದ್ದಕ್ಕೂ ಅದನ್ನು ಬಿಸಿಲಿಗೆ ಒಯ್ದಿಡುತ್ತಾರೆ. ಇನ್ನೊಂದು ವಿನೋದವೆಂದರೆ, ಜನ ಹೆಚ್ಚಿದಷ್ಟೂ ಒಬ್ಬೊಬ್ಬರ ಪಾಲು ಕಡಮೆ. ಜನವರಿಯ ಕ್ವಾರ್ಟ್‌ಸೈಟ್ ಜಾತ್ರೆಯಲ್ಲಿ ತೆವಳುವ ಇಂಟರ್‌ನೆಟ್ಟು ನಿರ್ಜನ ಬೆಟ್ಟದ ಬುಡದಲ್ಲಿ ಕುದುರೆಯಂತೆ ಓಡುತ್ತದೆ.

ವಿದ್ಯುತ್ತಿನ ಲೆಕ್ಕವೂ ಉಂಟು. 12 ವೋಲ್ಟಿನ, 100 ಆಂಪಿಯರ್-ಗಂಟೆಯ ಲಿಥಿಯಂ ಬ್ಯಾಟರಿಯೆಂದರೆ ಸುಮಾರು 1,200 ವಾಟ್-ಗಂಟೆಗಳ ಕಣಜ. ಹಳೆಯ ಸೀಸದ ಬ್ಯಾಟರಿಯಾದರೆ ಅರ್ಧಕ್ಕಿಂತ ಹೆಚ್ಚು ಬಳಸುವುದು ಅದರ ಆಯುಸ್ಸಿಗೆ ಕೇಡು. ದೊಡ್ಡ ತಟ್ಟೆ 75 ವಾಟ್ ಕುಡಿದರೂ, ಹಗಲಿರುಳು ಹಚ್ಚಿಟ್ಟರೆ 1,800 ವಾಟ್-ಗಂಟೆ ಬೇಕು. ಕಣಜ ಮೊದಲೇ ಬರಿದು. ಕಿರಿಯ ತಟ್ಟೆಗೆ 25ರಿಂದ 40 ವಾಟ್ ಸಾಕು. ಅದನ್ನು ಹಗಲಿನ ಬಿಸಿಲೇ ಪೂರೈಸಬಲ್ಲದು, ರಾತ್ರಿಯದೇ ಪ್ರಶ್ನೆ.

ರಾತ್ರಿಯ ಪ್ರಶ್ನೆ ನಮ್ಮವರ ಮನೆಯಲ್ಲಿ ವಿದ್ಯುತ್ತನ್ನು ದಾಟಿ ಹೋಯಿತು. ಬಯಲಿನಲ್ಲಿ ಸಂಪರ್ಕ ಸಿಕ್ಕಿದೊಡನೆ ಮೊದಲು ಅದರ ವಾಸನೆ ಹಿಡಿದದ್ದು ಅವನ ಆಫೀಸು. ಮಕ್ಕಳು ನಕ್ಷತ್ರ ನೋಡುವುದನ್ನು ಬಿಟ್ಟು ಫೋನಿಗೆ ತಲೆಬಾಗಿದರು. ಸೊಸೆ ಒಂದು ದಿನ, “ಇದಕ್ಕಾದರೆ ಮನೆಯಲ್ಲೇ ಇರಬಹುದಾಗಿತ್ತು” ಎಂದು ಹೇಳಿ, ರಾತ್ರಿ ಒಂಬತ್ತಕ್ಕೆ ತಟ್ಟೆಯನ್ನು ಆರಿಸತಕ್ಕದ್ದೆಂದು ಕಟ್ಟಳೆ ಮಾಡಿದಳು. ಆಕೆಯ ಮಾತಿನಲ್ಲಿ ತಪ್ಪೇನಿಲ್ಲ. ಆದರೆ ಭೂಗೋಳ ಯಾರ ದಾಕ್ಷಿಣ್ಯಕ್ಕೂ ಒಳಗಾಗದು. ಅರಿಜೋನದ ರಾತ್ರಿ ಒಂಬತ್ತೆಂದರೆ ಮೈಸೂರಿನ ಬೆಳಿಗ್ಗೆ ಒಂಬತ್ತೂವರೆ. ಅತ್ತಿಗೆ ಪೂಜೆ ಮುಗಿಸಿ ಮಗನ ಮುಖ ನೋಡಲು ಕೂರುವ ಹೊತ್ತು. ಅವರೇ ಸೋತು, ಸಂಜೆ ದೀಪ ಹಚ್ಚಿದ ಮೇಲೆ ಮಾತನಾಡುವ ಅಭ್ಯಾಸ ಮಾಡಿಕೊಂಡರು.

ಒಂದು ಜನವರಿಯ ಬೆಳಿಗ್ಗೆ ಹತ್ತು ಗಂಟೆಗೆ ಅತ್ತಿಗೆ ಬಚ್ಚಲಿನಲ್ಲಿ ಜಾರಿಬಿದ್ದರು. ಬಲಗೈ ಮಣಿಕಟ್ಟಿನ ಮೂಳೆ ಮುರಿದಿತ್ತು. ನಾನು ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದು, ಅಲ್ಲಿಂದ ಏಳು ಸಲ ಕರೆದೆ. ಗಂಟೆ ಬಾರಿಸುವ ಸದ್ದೂ ಇಲ್ಲ. “ಮಗ ಎಲ್ಲಿದ್ದಾರೆ?” ಎಂದು ಡಾಕ್ಟರು ಕೇಳಿದರು. “ಮರುಭೂಮಿಯಲ್ಲಿ” ಎಂದೆ. ಅವರು ನನ್ನನ್ನೂ ಒಮ್ಮೆ ಪರೀಕ್ಷಿಸುವಂತೆ ನೋಡಿದರು. ಅಲ್ಲಿ ಬೆಳಗಾಗಿ, ತಟ್ಟೆ ಹಚ್ಚಿ, ನನ್ನ ಸಂದೇಶಗಳೆಲ್ಲ ಒಮ್ಮೆಗೇ ಅವನ ಮೇಲೆ ಸುರಿಯುವ ವೇಳೆಗೆ ಇಲ್ಲಿ ಸಂಜೆ ಏಳೂವರೆ. ಅತ್ತಿಗೆ ಪ್ಲಾಸ್ಟರ್ ಹಾಕಿದ ಕೈಯನ್ನು ದಿಂಬಿನ ಮೇಲಿಟ್ಟು, ಎಡಗೈಯಲ್ಲಿ ರವೆಗಂಜಿ ಕುಡಿಯುತ್ತಿದ್ದರು. ಅವನು ಅತ್ತನು. ರಾತ್ರಿಯೆಲ್ಲ ಹಾಯಾಗಿ ಮಲಗಿದ್ದೆನಲ್ಲ ಎಂಬುದೇ ಅವನ ಸಂಕಟ.

“ನೀನು ಎದ್ದಿದ್ದರೆ ಏನು ಮಾಡ್ತಿದ್ದೆ? ಆ ಕತ್ತಲಲ್ಲಿ ಗಾಡಿ ಓಡಿಸ್ಕೊಂಡು ಹೊರಡ್ತಿದ್ದೆ. ಅದಕ್ಕಿಂತ ಮಲಗಿದ್ದೇ ವಾಸಿ. ಇಲ್ಲಿ ನಿಮ್ಮ ಚಿಕ್ಕಪ್ಪ ಇರಲಿಲ್ಲವೇ?” ಎಂದು ಅತ್ತಿಗೆ ಗದರಿಸಿದರು.

ನನಗೆ ಆ ಮಾತು ಇಂದಿಗೂ ಪೂರ್ತಿ ಒಪ್ಪಿಗೆಯಾಗಿಲ್ಲ. ಮಗನು ಬಂದು ಎತ್ತಲಾರ, ನಿಜ. ಆದರೆ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಿದ್ದಾಗ, ಮುರಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಅವರು ನನ್ನ ಫೋನಿನ ಕಡೆಗೆ ಎಷ್ಟು ಸಲ ನೋಡಿದರೆಂಬುದನ್ನು ಕಂಡವನು ನಾನು. ಸೊಸೆಯೇ ಒಂದು ದಾರಿ ಕಂಡುಹಿಡಿದಳು. ಈಗ ಕಿರಿಯ ತಟ್ಟೆ ರಾತ್ರಿಯೆಲ್ಲ ಎಚ್ಚರವಿರುತ್ತದೆ. ಎಂಟು ಗಂಟೆಗೆ ಸುಮಾರು 240 ವಾಟ್-ಗಂಟೆ, ಬ್ಯಾಟರಿಯ ಐದನೆಯ ಒಂದು ಪಾಲು. ಮಕ್ಕಳ ಫೋನುಗಳು ಡಬ್ಬಿ ಸೇರುತ್ತವೆ. ಅವನ ಫೋನು ಮೈಸೂರಿನ ಎರಡು ಸಂಖ್ಯೆಗಳ ಹೊರತು ಮತ್ತಾರಿಗೂ ಸದ್ದು ಮಾಡದಂತೆ ಏರ್ಪಾಡಾಗಿದೆ. ಆಫೀಸಿನವರು ಬೆಳಗಾಗುವವರೆಗೆ ಕಾಯತಕ್ಕದ್ದು.

ಇಂಥ ಪ್ರವಾಸ ಮಾಡುವ ಮಕ್ಕಳಿರುವ ತಂದೆತಾಯಂದಿರು ತಿಳಿದಿರಬೇಕಾದ ಒಂದು ಅಪಾಯವನ್ನು ಇಲ್ಲಿ ಹೇಳಬೇಕು. ತಟ್ಟೆಯ ವೈಫೈ ಮೂಲಕ ಸಾಧಾರಣ ಫೋನಿನಿಂದಲೂ ಕರೆ ಮಾಡಬಹುದಷ್ಟೆ. ಆದರೆ ಹಾಗೆ ಅಲ್ಲಿನ ತುರ್ತು ಸಂಖ್ಯೆ 911ಕ್ಕೆ ಕರೆದಾಗ, ಕರೆದವನಿರುವ ಸ್ಥಳಕ್ಕೆ ಬದಲಾಗಿ ಫೋನಿನ ಲೆಕ್ಕದಲ್ಲಿ ಬರೆಸಿದ ಮನೆಯ ವಿಳಾಸವೇ ಆ ಕಡೆಯವರಿಗೆ ಕಾಣಬಹುದು. ಬೆಟ್ಟದಲ್ಲಿ ಕಾಲು ಮುರಿದವನಿಗಾಗಿ ಆಂಬುಲೆನ್ಸು ಫೀನಿಕ್ಸಿನ ಬೀಗ ಹಾಕಿದ ಮನೆಯ ಮುಂದೆ ಹೋಗಿ ನಿಂತರೆ ಏನು ಪ್ರಯೋಜನ? ಆದಕಾರಣ ಬಿಡಾರ ಹೂಡಿದೊಡನೆ ಆ ಸ್ಥಳದ ಅಕ್ಷಾಂಶ ರೇಖಾಂಶಗಳನ್ನು ಒಂದು ಚೀಟಿಯಲ್ಲಿ ಬರೆದು ಬಾಗಿಲಿಗೆ ಅಂಟಿಸುವುದು ಲೇಸು. ಐಫೋನ್ 14 ಮತ್ತು ಅದರ ಮುಂದಿನವುಗಳಲ್ಲಿ, 2022ರ ನವೆಂಬರಿನಿಂದ, ತಟ್ಟೆಯ ಹಂಗಿಲ್ಲದೆ ಉಪಗ್ರಹಕ್ಕೇ ಮೊರೆಯಿಡುವ ಸೌಕರ್ಯವಿದೆ. ಅದು ಸ್ಥಳವನ್ನೂ ತಿಳಿಸುತ್ತದೆ. ತಟ್ಟೆಯನ್ನು ಬಿಡಾರದಲ್ಲಿ ಬಿಟ್ಟು ನಡೆಯಲು ಹೋದವರಿಗೆ ಅದೇ ಗತಿ. ತಲೆಗೆ ದಿನಕ್ಕೆ ನಾಲ್ಕು ಲೀಟರಿನಷ್ಟು ನೀರು ಒಯ್ಯಬೇಕೆಂಬ ಹಳೆಯ ನಿಯಮ ಯಾವ ಉಪಗ್ರಹದಿಂದಲೂ ರದ್ದಾಗಿಲ್ಲ.

ಕೈ ಕೂಡಿದ ಮೇಲೆ ಅತ್ತಿಗೆಯನ್ನು ನೋಡಲು ಬರಲು ಹೊರಟ ಮಗನು, ತಟ್ಟೆಯನ್ನೂ ಉಪಗ್ರಹ ಸಂದೇಶದ ಕೈಯುಪಕರಣವನ್ನೂ ತರುವೆನೆಂದೂ ಕುದುರೆಮುಖದ ಕಡೆಗೆ ಎಲ್ಲರೂ ಹೋಗೋಣವೆಂದೂ ಬರೆದನು. ಕೂಡದೆಂದು ತಡೆದೆ. ಸ್ಟಾರ್‌ಲಿಂಕ್‌ಗೆ ನಮ್ಮ ದೂರಸಂಪರ್ಕ ಇಲಾಖೆಯ ಪರವಾನಗಿ 2025ರ ಜೂನಿನಲ್ಲಿ ದೊರೆತದ್ದು ನಿಜ. ಆದರೆ ಅಮೆರಿಕದಲ್ಲಿ ಕೊಂಡ ತಟ್ಟೆಯನ್ನು ಪೆಟ್ಟಿಗೆಯಲ್ಲಿಟ್ಟು ತಂದು ಇಲ್ಲಿ ಹಚ್ಚಬಹುದೆಂದು ಅದರ ಅರ್ಥವಲ್ಲ. ಅನುಮತಿಯಿಲ್ಲದೆ ಉಪಗ್ರಹ ಫೋನನ್ನು ದೇಶದೊಳಕ್ಕೆ ತರುವುದು ಅಪರಾಧ. ಬೆಟ್ಟ ಹತ್ತುವವರು ಒಯ್ಯುವ ಸಣ್ಣ ಸಂದೇಶ ಉಪಕರಣವಿದ್ದುದಕ್ಕೇ ವಿದೇಶೀ ಪ್ರವಾಸಿಗರನ್ನು ವಿಮಾನ ನಿಲ್ದಾಣಗಳಲ್ಲಿ ತಡೆದು ಪೊಲೀಸರಿಗೆ ಒಪ್ಪಿಸಿದ್ದುಂಟು. ತಟ್ಟೆ ಫೀನಿಕ್ಸಿನಲ್ಲಿಯೇ ಉಳಿಯಿತು. ಕುದುರೆಮುಖದ ದಾರಿಯಲ್ಲಿ ಬಹಳ ಹೊತ್ತು ಯಾರ ಫೋನಿಗೂ ಅಲೆ ಸಿಗಲಿಲ್ಲ. ಕರೆಯಬೇಕಾದವರೆಲ್ಲರೂ ಆ ವ್ಯಾನಿನಲ್ಲಿಯೇ ಇದ್ದುದರಿಂದ, ಸಂಜೆಯವರೆಗೆ ಅದನ್ನು ಯಾರೂ ಗಮನಿಸಲಿಲ್ಲ.