ಕೆಜಿಎಫ್‌ಗೆ ಹೋಗೋಣ, ಗುಂಡಿಗೆ ಇಳಿಯುವುದು ಬೇಡ

ಈ ವರ್ಷದ ಪ್ರವಾಸಕ್ಕೆ ಎಲ್ಲಿಗೆ ಹೋಗೋಣ ಎಂದು ತರಗತಿಯಲ್ಲಿ ಮೇಡಂ ಕೇಳಿದಾಗ ಹಿಂದಿನ ಬೆಂಚಿನಿಂದ ಬಂದ ಮೊದಲ ಹೆಸರು ಕೆಜಿಎಫ್. ಕೂಡಲೇ ಶಿಳ್ಳೆ, ಸಿನಿಮಾ ಡೈಲಾಗು. ಹಳೇ ಗಣಿಯೊಳಗೆ ಇಳಿಯೋಣ, ಸೈನೈಡ್ ಗುಡ್ಡ ಹತ್ತೋಣ, ರೀಲ್ಸ್ ಮಾಡೋಣ ಎಂದು ಎರಡೇ ನಿಮಿಷದಲ್ಲಿ ಪ್ಲಾನ್ ಮುಗಿಯಿತು. ಮೇಡಂ "ನೋಡೋಣ" ಅಂದರು. ನಾನು ಬಾಯಿ ಬಿಡಲಿಲ್ಲ. ನನ್ನ ನಾನಿಯ ಮನೆ ಇರುವುದು ಅಲ್ಲೇ, ರಾಬರ್ಟ್‌ಸನ್‌ಪೇಟೆಯಲ್ಲಿ. ಕಳೆದ ಈದ್ ರಜೆಯಲ್ಲಿ ನಾನೂ ಒಂದು ಗುಂಡಿಯ ಬಾಯಿಯವರೆಗೆ ಹೋಗಿ ಬಂದವಳು. ತರಗತಿಯಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಮಾಮೂ ಮಗ ಹತ್ತನೇ ತರಗತಿ. ಅವನ ಸ್ನೇಹಿತನೊಬ್ಬ ಗಣಿಯ ಒಳಗೆ ಟಾರ್ಚ್ ಹಿಡಿದು ತೆಗೆದ ವಿಡಿಯೋ ಹಾಕಿ ಸಿಕ್ಕಾಪಟ್ಟೆ ಲೈಕ್ ಪಡೆದಿದ್ದನಂತೆ. "ಆಪಾ, ನೀನು ಫೋನ್ ಹಿಡಿದರೆ ಸಾಕು, ಇಳಿಯೋದು ನಾನು" ಅಂದ. ಮನೆಯಲ್ಲಿ ಅಂಗಡಿಗೆ ಹೋಗುತ್ತೇವೆ ಎಂದು ಸುಳ್ಳು ಹೇಳಿ ಹೊರಟೆವು. ದೊಡ್ಡವಳು ನಾನೇ, ತಪ್ಪೂ ನನ್ನದೇ.

ಕೆಜಿಎಫ್ ಅಂದರೆ ಪೂರ್ತಿ ಪಾಳು ಊರು ಎಂದು ತಿಳಿದವರಿಗೆ ಒಂದು ಮಾತು: ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್‌ನಲ್ಲಿ ಸಂಜೆ ಕಾಲಿಡಲು ಜಾಗ ಇರುವುದಿಲ್ಲ. ಆದರೆ ಅಲ್ಲಿಂದ ಗಣಿಗಳ ಕಡೆ ಸ್ವಲ್ಪ ದೂರ ಹೋದರೆ ಸದ್ದೇ ನಿಂತುಹೋಗುತ್ತದೆ. ಛಾವಣಿ ಕುಸಿದ ಬಂಗಲೆಗಳು, ಕಿಟಕಿಯೊಳಗಿಂದ ಬೆಳೆದ ಜಾಲಿ, ತುಕ್ಕು ಹಿಡಿದ ದೊಡ್ಡ ಚಕ್ರ ಹೊತ್ತ ಕಬ್ಬಿಣದ ಗೋಪುರ. ಆ ಚಕ್ರದ ಮೇಲೆ ಹಗ್ಗ ಓಡಿಸಿಯೇ ಕಾರ್ಮಿಕರನ್ನು ಪಂಜರದಂತಹ ಕೇಜ್‌ನಲ್ಲಿ ಕೆಳಗೆ ಇಳಿಸುತ್ತಿದ್ದರು. ನಾವು ಹೋದದ್ದು ಅಂಥ ದೊಡ್ಡ ಶಾಫ್ಟಿಗೂ ಅಲ್ಲ. ಪೊದೆಯ ನಡುವೆ ಒಂದು ಗುಂಡಿ, ಸುತ್ತ ತಂತಿಬೇಲಿ, ಬೇಲಿಯಲ್ಲಿ ಒಬ್ಬರು ನುಸುಳುವಷ್ಟು ತೂತು. ತಮ್ಮ ಒಂದು ಕಲ್ಲು ಎಸೆದ. ನಾವು ಎಣಿಸಿದೆವು. ಐದು ಅನ್ನುವಾಗ ನೀರಿಗೆ ಬಿದ್ದ ಸದ್ದು ಬಂತು. ವಿಜ್ಞಾನ ವಿಭಾಗದ ಗೆಳತಿಯನ್ನು ಆಮೇಲೆ ಕೇಳಿದೆ. ಸುಮಾರು ನೂರು ಮೀಟರ್ ಇರಬೇಕು ಎಂದು ಲೆಕ್ಕ ಹಾಕಿ ಹೇಳಿದಳು. ಅವತ್ತು ಮಾತ್ರ ನಾವು ನಕ್ಕೆವು.

ನಮ್ಮ ಹಿಂದೆ ಮೇಕೆ ಮೇಯಿಸುತ್ತಿದ್ದ ಅಜ್ಜ ಒಬ್ಬರು ಬಂದು ನಿಂತದ್ದು ಗೊತ್ತೇ ಆಗಿರಲಿಲ್ಲ. ಗಣಿಯಲ್ಲಿ ಕೆಲಸ ಮಾಡಿದವರು. ಬೈಯುತ್ತಾರೆ ಎಂದುಕೊಂಡೆ, ಬೈಯಲಿಲ್ಲ. ತಮಿಳು ಬೆರೆತ ಕನ್ನಡದಲ್ಲಿ ನಿಧಾನವಾಗಿ ಹೇಳಿದರು. ನಿಧಾನ ಅಂದರೆ ನಾಲ್ಕು ಮಾತಿಗೊಮ್ಮೆ ಉಸಿರಿಗಾಗಿ ನಿಲ್ಲಬೇಕಾಗಿತ್ತು. "ಒಳಗೆ ಗಾಳಿ ಇಲ್ಲ ತಂಬಿ. ನಾವು ಇಳಿಯುವಾಗ ಮೇಲಿಂದ ಗಾಳಿ ಕಳಿಸ್ತಾ ಇದ್ರು. ನಿನಗೆ ಯಾರು ಕಳಿಸ್ತಾರೆ?" ತಮ್ಮ ಫೋನನ್ನು ಜೇಬಿಗೆ ಹಾಕಿಕೊಂಡ.

ಅವರ ಮಾತು ಅಕ್ಷರಶಃ ನಿಜ ಎಂದು ಓದಿದ ಮೇಲೆ ಗೊತ್ತಾಯಿತು. ಗಣಿ ನಡೆಯುವಾಗ ಯಂತ್ರಗಳಿಂದ ಗಾಳಿ ಆಡಿಸುತ್ತಾರೆ, ಪಂಪುಗಳಿಂದ ನೀರು ಎತ್ತುತ್ತಾರೆ. ಗಣಿ ನಿಂತರೆ ಎರಡೂ ನಿಲ್ಲುತ್ತವೆ. ಆಸರೆಗೆ ಕೊಟ್ಟ ಮರದ ದಿಮ್ಮಿಗಳು ನೀರಲ್ಲಿ ಕೊಳೆಯುತ್ತವೆ. ಕೊಳೆಯುವ ಮರ, ಬಂಡೆಯಲ್ಲಿರುವ ಖನಿಜಗಳು ಆಮ್ಲಜನಕವನ್ನು ಹೀರುತ್ತವೆ. ಗಾಳಿಗಿಂತ ಭಾರವಾದ ಇಂಗಾಲದ ಡೈ ಆಕ್ಸೈಡ್ ತಳದಲ್ಲಿ ಕೂರುತ್ತದೆ. ಆಮ್ಲಜನಕ ಇಲ್ಲದ ಗಾಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಟಾರ್ಚ್ ಚೆನ್ನಾಗಿಯೇ ಉರಿಯುತ್ತಿರುತ್ತದೆ, ಹಿಡಿದವರು ಬಿದ್ದಿರುತ್ತಾರೆ. 2020ರ ಮೇ ತಿಂಗಳಲ್ಲಿ ಮಾರಿಕುಪ್ಪಂ ಬಳಿ ಹಳೇ ಗಣಿಗೆ ಇಳಿದ ಮೂವರು ಉಸಿರುಗಟ್ಟಿ ಸತ್ತರು. ಅವರು ಹೋದದ್ದು ಕಳ್ಳತನಕ್ಕೆ, ನಾವು ಹೋಗುವುದು ರೀಲ್ಸ್‌ಗೆ ಎಂದು ವಾದಿಸಬಹುದು. ಗುಂಡಿಯೊಳಗಿನ ಗಾಳಿಗೆ ಆ ವ್ಯತ್ಯಾಸ ತಿಳಿಯದು.

ಆದರೆ ನನ್ನ ತಕರಾರು ಅಪಾಯದ ಬಗ್ಗೆ ಮಾತ್ರ ಆಗಿದ್ದರೆ "ಒಳಗೆ ಪ್ರವೇಶವಿಲ್ಲ" ಎಂಬ ಬೋರ್ಡು ಸಾಕಿತ್ತು, ಲೇಖನ ಬೇಡವಾಗಿತ್ತು. ನಾವು ಆ ಜಾಗವನ್ನು ಯಾರದೂ ಅಲ್ಲದ ಭೂತದ ಊರು ಎಂಬಂತೆ ನೋಡಿ ಬರುತ್ತೇವಲ್ಲ, ಅದೇ ನನ್ನನ್ನು ಹೆಚ್ಚು ಚುಚ್ಚುವುದು.

ಅಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಬ್ರಿಟಿಷ್ ಕಂಪನಿ 1880ರ ಹೊತ್ತಿಗೆ ಕೆಲಸ ಶುರು ಮಾಡಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಮೊದಲು ಹೋದದ್ದು ಈ ಗಣಿಗಳಿಗೆ. ಬೆಂಗಳೂರಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಕೈಗೆ ಬಂದವು, 1972ರಲ್ಲಿ ಕೇಂದ್ರದ ಭಾರತ್ ಗೋಲ್ಡ್ ಮೈನ್ಸ್ ಆಯಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ತಳದಲ್ಲಿ ಬಂಡೆಯನ್ನು ಮುಟ್ಟಲಾಗದಷ್ಟು ಕಾವು. ಅಲ್ಲಿ ಇಳಿದವರಲ್ಲಿ ಬಹುಪಾಲು ತಮಿಳು ನಾಡಿನ ಕಡೆಯಿಂದ ಬಂದ ದಲಿತರು. ಬಂಡೆ ಕೊರೆದಾಗ ಏಳುವ ದೂಳು ಎದೆಯಲ್ಲಿ ಕೂತು ಬರುವ ರೋಗಕ್ಕೆ ಸಿಲಿಕೋಸಿಸ್ ಎನ್ನುತ್ತಾರೆ. ಕೂತ ದೂಳು ಹೊರಗೆ ಬರುವುದಿಲ್ಲ. ವಿಜ್ಞಾನದವರು ಹೆಮ್ಮೆ ಪಡಬಹುದಾದ ಒಂದು ಸಂಗತಿಯೂ ಇದೆ: ಗಾಳಿಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋ ಕಣಗಳ ಸುಳಿವನ್ನು 1965ರಲ್ಲಿ ಮೊದಲು ಹಿಡಿದ ಪ್ರಯೋಗಗಳಲ್ಲಿ ಒಂದು ನಡೆದದ್ದು ಇದೇ ಗಣಿಯ ಆಳದಲ್ಲಿ. ಇದನ್ನು ನಮ್ಮ ಊರಿನವರಲ್ಲೇ ಎಷ್ಟು ಜನ ಬಲ್ಲರು?

ಸುಮಾರು 120 ವರ್ಷಗಳಲ್ಲಿ 800 ಟನ್‌ಗೂ ಹೆಚ್ಚು ಚಿನ್ನ ಬಂತು. ಕೊನೆಕೊನೆಗೆ ಒಂದು ಟನ್ ಕಲ್ಲು ಪುಡಿ ಮಾಡಿದರೆ ಸಿಗುತ್ತಿದ್ದದ್ದು ಕೆಲವೇ ಗ್ರಾಂ. ಚಿನ್ನದ ಬೆಲೆಯೂ ಆಗ ಔನ್ಸಿಗೆ 300 ಡಾಲರ್‌ಗಿಂತ ಕೆಳಗೆ. ವೆಚ್ಚ ಹೆಚ್ಚು, ಆದಾಯ ಕಡಿಮೆ. 2001ರ ಫೆಬ್ರವರಿ 28ಕ್ಕೆ ಮುಚ್ಚಿದರು. ಕಾಮರ್ಸ್ ವಿದ್ಯಾರ್ಥಿನಿಯಾಗಿ ಈ ತೀರ್ಮಾನದ ಲೆಕ್ಕ ನನಗೆ ಅರ್ಥವಾಗುತ್ತದೆ. ಗಣಿಯ ಸವಕಳಿಯನ್ನು ತೆಗೆದ ಅದಿರಿನ ಪ್ರಮಾಣದ ಮೇಲೆ ಲೆಕ್ಕ ಹಾಕುವ ವಿಧಾನವನ್ನು ನಾವು ಓದಿದ್ದೇವೆ. ಅದಿರು ಮುಗಿದಂತೆ ಆಸ್ತಿಯ ಮೌಲ್ಯ ಸೊನ್ನೆಯ ಕಡೆ ಇಳಿಯುತ್ತದೆ. ಆದರೆ ಆ ಅಜ್ಜನ ಶ್ವಾಸಕೋಶ ಯಾವ ಕಾಲಂನಲ್ಲಿ ಬರುತ್ತದೆ? ಸಯನೈಡ್ ದ್ರಾವಣದಿಂದ ಚಿನ್ನ ತೆಗೆದು ಬಿಸಾಡಿದ ಪುಡಿಮಣ್ಣಿನ ಆ ಗುಡ್ಡಗಳು, ಬೇಸಿಗೆ ಗಾಳಿಗೆ ಮನೆಗಳ ಮೇಲೆ ಸುರಿಯುವ ಅವುಗಳ ದೂಳು? ಗುಡ್ಡಗಳಿಂದ ಮತ್ತೆ ಚಿನ್ನ ತೆಗೆಯುವ ಯೋಜನೆಗೆ 2024ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಒಳ್ಳೆಯದಾಗಲಿ. ಅದರಲ್ಲಿ ಲೈನ್ ಮನೆಗಳ ಮಕ್ಕಳಿಗೆ ಕೆಲಸ ಸಿಕ್ಕರೆ ಇನ್ನೂ ಒಳ್ಳೆಯದು.

ನಮ್ಮ ನಾನಾಗೆ ಅಲ್ಲಿ ಚಿಕ್ಕ ಬಟ್ಟೆ ಅಂಗಡಿ ಇತ್ತು. ಗಿರಾಕಿಗಳು ಗಣಿಯವರೇ. ತಿಂಗಳಿಡೀ ಉದ್ರಿ, ಸಂಬಳದ ದಿನ ವಸೂಲಿ. ಆ ಉದ್ರಿ ಪುಸ್ತಕ ಈಗಲೂ ನಾನಿಯ ಟ್ರಂಕಿನಲ್ಲಿದೆ. ಲೆಕ್ಕ ಉರ್ದುವಿನಲ್ಲಿ, ಪಕ್ಕದಲ್ಲಿ ಸಹಿ ತಮಿಳಿನಲ್ಲಿ, ಕೆಲವು ಕಡೆ ಹೆಬ್ಬೆಟ್ಟು. "ಸ್ಕೂಲ್ ಯೂನಿಫಾರ್ಮ್, ಎರಡು ಜೊತೆ." "ಸೀರೆ ಒಂದು, ಮಗಳ ಮದುವೆ." 2001ರ ನಂತರದ ಪುಟಗಳು ಖಾಲಿ. ಎಷ್ಟೋ ಕುಟುಂಬಗಳು ಊರು ಬಿಟ್ಟವು. ಉಳಿದವರು ಇಂದಿಗೂ ನಸುಕಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೋ ಕೆಲಸಕ್ಕೋ ಹೋಗಿ ರಾತ್ರಿ ಮರಳುತ್ತಾರೆ. ಅಕೌಂಟೆನ್ಸಿಯ ಪ್ರಕಾರ ನಾನಾ ಅದನ್ನೆಲ್ಲ ವಸೂಲಾಗದ ಬಾಕಿ ಎಂದು ನಷ್ಟಕ್ಕೆ ಬರೆಯಬೇಕಿತ್ತು. ಬರೆಯಲಿಲ್ಲ, ಯಾರನ್ನೂ ಕೇಳಲೂ ಇಲ್ಲ. ಎಷ್ಟೋ ವರ್ಷದ ಮೇಲೆ ಒಬ್ಬರು ಮನೆ ಹುಡುಕಿಕೊಂಡು ಬಂದು 340 ರೂಪಾಯಿ ಕೊಟ್ಟರಂತೆ. ಅಷ್ಟರಲ್ಲಿ ನಾನಾ ಇರಲಿಲ್ಲ. ನಾನಿ ಚಹಾ ಕೊಟ್ಟು, ಆ ಸಾಲಿನ ಮೇಲೆ ಒಂದು ಗೀಟು ಎಳೆದರು. ಇಡೀ ಪುಸ್ತಕದಲ್ಲಿ ಆಮೇಲೆ ಎಳೆದ ಗೀಟು ಅದೊಂದೇ.

ಹಾಗಾದರೆ ನೋಡಲೇಬಾರದೇ? ನೋಡಬೇಕು. ಬ್ರಿಟನ್ನಿನ ವೇಲ್ಸ್‌ನಲ್ಲಿ ಬಿಗ್ ಪಿಟ್ ಎಂಬ ಕಲ್ಲಿದ್ದಲು ಗಣಿ 1980ರಲ್ಲಿ ಮುಚ್ಚಿತು. 1983ಕ್ಕೆ ಅದನ್ನೇ ಮ್ಯೂಸಿಯಂ ಆಗಿ ತೆರೆದರು. ತಲೆಗೆ ಹೆಲ್ಮೆಟ್, ದೀಪ ಕೊಟ್ಟು 90 ಮೀಟರ್ ಕೆಳಗೆ ಕರೆದುಕೊಂಡು ಹೋಗುತ್ತಾರೆ. ಬೆಂಕಿಪೊಟ್ಟಣ, ಲೈಟರ್, ಫೋನು ಎಲ್ಲ ಮೇಲೆಯೇ ಬಿಡಬೇಕು. ದಾರಿ ತೋರಿಸುವವರು ಗಣಿಯಲ್ಲಿ ದುಡಿದವರು, ಅದಕ್ಕೆ ಅವರಿಗೆ ಸಂಬಳ. ನಮ್ಮಲ್ಲಿ ಆಳದ ಗಣಿಗಳಲ್ಲಿ ನೀರು ತುಂಬಿದೆ, ಅಷ್ಟು ಸುಲಭವಲ್ಲ ಎಂದು ಒಪ್ಪುತ್ತೇನೆ. ಕೆಳಗೆ ಇಳಿಸದಿದ್ದರೂ ಪರವಾಗಿಲ್ಲ. ಮೇಲಿನ ಒಂದು ಗೋಪುರ, ಒಂದು ಯಂತ್ರದ ಮನೆ, ಒಂದು ಲೈನ್ ಮನೆ ಸರಿಪಡಿಸಿ, ಕೆಲಸ ಗೊತ್ತಿರುವ ಹಿರಿಯರನ್ನು ನೇಮಿಸಲಿ. ಅವರಿಗೆ ವಯಸ್ಸಾಗುತ್ತಿದೆ. ಇನ್ನು ಹತ್ತು ವರ್ಷ ಬಿಟ್ಟು ಮ್ಯೂಸಿಯಂ ಕಟ್ಟಿದರೆ ಮಾತಾಡಲು ಯಾರಿರುತ್ತಾರೆ?

ಸರ್ಕಾರ ಮಾಡುವುದು ಯಾವಾಗಲೋ. ನಮ್ಮ ಕಾಲೇಜು ಈ ವರ್ಷವೇ ಒಂದು ಕೆಲಸ ಮಾಡಬಹುದು. ಪ್ರವಾಸಕ್ಕೆ ಕೆಜಿಎಫ್ ಹೆಸರನ್ನೇ ಇಟ್ಟುಕೊಳ್ಳೋಣ. ಬೇಲಿಯ ಆಚೆ ಕಾಲಿಡುವುದಿಲ್ಲ ಎಂದು ಮೊದಲೇ ಎಲ್ಲರೂ ಒಪ್ಪೋಣ, ಸೈನೈಡ್ ಗುಡ್ಡವೂ ಬೇಡ. ಗಣಿಯಲ್ಲಿ ದುಡಿದ ನಾಲ್ಕೈದು ಹಿರಿಯರನ್ನು ಇಡೀ ದಿನ ಜೊತೆಗೆ ಕರೆದುಕೊಳ್ಳೋಣ. ಪ್ರವಾಸದ ವಂತಿಗೆಯಲ್ಲಿ ತಲೆಗೆ ಐವತ್ತು ರೂಪಾಯಿ ಸೇರಿಸಿ ಅವರಿಗೆ ಗೌರವಧನ ಕೊಡೋಣ, ಶಾಲು-ಹಾರದಲ್ಲಿ ಮುಗಿಸುವುದು ಬೇಡ. ಫೋನು ತರೋಣ, ಅವರ ಮಾತು ರೆಕಾರ್ಡ್ ಮಾಡೋಣ. ತಮಿಳು ಬಲ್ಲವರು ನಮ್ಮಲ್ಲೇ ಸಾಕಷ್ಟಿದ್ದಾರೆ, ಕನ್ನಡಕ್ಕೂ ಉರ್ದುವಿಗೂ ಇಳಿಸಿ ಇದೇ ಪತ್ರಿಕೆಯಲ್ಲಿ ಹಾಕೋಣ. ಮೇಕೆ ಮೇಯಿಸುವ ಆ ಅಜ್ಜನನ್ನು ಹುಡುಕುವ ಕೆಲಸ ನನ್ನದು ಮತ್ತು ನನ್ನ ತಮ್ಮನದು.

ಬೆಳಗಿನ ರೈಲುಗಳು ಕೆಜಿಎಫ್ ಕಡೆಯಿಂದ ಬೆಂಗಳೂರಿಗೆ ತುಂಬಿ ಬರುತ್ತವೆ. ನಾವು ಎದುರು ದಿಕ್ಕಿಗೆ ಹೋಗುವುದರಿಂದ ಸೀಟಿನ ಚಿಂತೆ ಇರಲಾರದು. ಮಧ್ಯಾಹ್ನದ ಊಟ ನಮ್ಮ ನಾನಿ ಮನೆಯಲ್ಲಿ ಎಂದು ಬರೆದುಬಿಡಬೇಕು ಅನ್ನಿಸುತ್ತದೆ. ಅರವತ್ತು ಜನ ಎಂದು ಗೊತ್ತಾದರೆ ಬೈಸಿಕೊಳ್ಳುವುದು ನಾನು, ಹಾಗಾಗಿ ಬುತ್ತಿ ನೀವೇ ತನ್ನಿ.